‘ರೋಮನ್ ಹಾಲಿಡೇ’ ಮತ್ತೆ ಮನೆಯಲ್ಲಿ: ತಪ್ಪು ಡಿಸ್ಕಿನದೋ, ಟಿವಿಯದೋ?

ಪ್ರಶ್ನೆ: ವಿಲಿಯಂ ವೈಲರ್ ನಿರ್ದೇಶನದ 1953ರ ಕಪ್ಪು ಬಿಳುಪು ಚಿತ್ರ ‘ರೋಮನ್ ಹಾಲಿಡೇ’ಯನ್ನು ಇಷ್ಟು ವರ್ಷ ಹಳೆಯ ಡಿವಿಡಿಯಲ್ಲಿ ನೋಡುತ್ತಿದ್ದೆ. ಈಗ ಬ್ಲೂ-ರೇ ಕೊಂಡು 55 ಇಂಚಿನ ಟಿವಿಯಲ್ಲಿ ಹಾಕಿದರೆ ಎರಡೂ ಬದಿಗೆ ಕಪ್ಪು ಪಟ್ಟಿ. ಆಕಾಶದ ತುಂಬ ಮರಳು ಹರಿದಾಡಿದಂತೆ ಕಾಣುತ್ತದೆ, ಮುಖಗಳು ಮಾತ್ರ ಮೇಣದ ಗೊಂಬೆಯ ಹಾಗೆ ನುಣುಪು. ಓಡಾಟವೆಲ್ಲ ಟಿವಿ ಧಾರಾವಾಹಿಯಂತಿದೆ, ಬಿಳುಪು ನೀಲಿ ಹೊಡೆಯುತ್ತದೆ, ಮಾತು ಸಣ್ಣಗೆ ಕೇಳುತ್ತದೆ. ಇನ್ನೊಂದು ಅನುಮಾನ: ಹಳೆಯ ಡಿವಿಡಿ 113 ನಿಮಿಷ, ಹೊಸದು 118 ನಿಮಿಷ. ಹಳೆಯದರಲ್ಲಿ ಏನನ್ನಾದರೂ ಕತ್ತರಿಸಿದ್ದರೇ? 4ಕೆ ಡಿಸ್ಕಿಗೆ ಹೋದರೆ ಇದೆಲ್ಲ ಸರಿಹೋಗುತ್ತದೆಯೇ?

ಉತ್ತರ: ಐದು ನಿಮಿಷದ ಲೆಕ್ಕದಿಂದಲೇ ಶುರುಮಾಡೋಣ. ನಿಮ್ಮ ಹಳೆಯ ಡಿವಿಡಿಯಲ್ಲಿ ಒಂದು ದೃಶ್ಯವೂ ಕಡಿಮೆಯಿಲ್ಲ. ಅದು ಪಾಲ್ ಪದ್ಧತಿಯ, ಎಂದರೆ ಭಾರತ, ಯುರೋಪುಗಳ ಹಳೆಯ ಟಿವಿ ಪದ್ಧತಿಯ ಡಿವಿಡಿ, ಅಷ್ಟೇ. ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಹಾಗೆಂದು ಮುದ್ರಿಸಿರುತ್ತಾರೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಪಾಲ್ ಟಿವಿ ಓಡುವುದು ಸೆಕೆಂಡಿಗೆ 25. ಇವೆರಡನ್ನು ಹೊಂದಿಸಲು ಆಗ ಕಂಡುಕೊಂಡ ಸುಲಭದ ದಾರಿ ಎಂದರೆ ಇಡೀ ಚಿತ್ರವನ್ನೇ ಶೇಕಡ 4ರಷ್ಟು ಬೇಗ ಓಡಿಸಿಬಿಡುವುದು. 118 ನಿಮಿಷವನ್ನು 25ರಿಂದ ಭಾಗಿಸಿ 24ರಿಂದ ಗುಣಿಸಿ ನೋಡಿ, 113 ನಿಮಿಷ ಬರುತ್ತದೆ. ನಿಮ್ಮ ಐದು ನಿಮಿಷ ಹೋದದ್ದು ಅಲ್ಲಿಗೆ.

ಧ್ವನಿಯೂ ಅದೇ ವೇಗದಲ್ಲಿ ಓಡುವುದರಿಂದ, ಬೇರೆಯಾಗಿ ಸರಿಪಡಿಸದಿದ್ದರೆ ಶ್ರುತಿ ಅರ್ಧ ಮನೆಗಿಂತ ತುಸು ಕಡಿಮೆ ಮೇಲೇರುತ್ತದೆ. ನಾಯಕ ಗ್ರೆಗರಿ ಪೆಕ್ ಅವರ ತುಂಬು ಕಂಠ ಆ ಡಿವಿಡಿಯಲ್ಲಿ ಕೊಂಚ ಸಪೂರವಾಗಿ ಕೇಳುತ್ತಿದ್ದರೆ ಕಾರಣ ಇದೇ. ಆದರೆ ಕಂಠಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ರೊಮ್ಯಾಂಟಿಕ್ ಕಾಮಿಡಿಯ ಜೀವ ಇರುವುದು ಮಾತಿಗೂ ಮುಂದಿನ ಮಾತಿಗೂ ನಡುವಿನ ಅರೆಗಳಿಗೆಯಲ್ಲಿ. ಒಬ್ಬರು ಹೇಳಿ ಮುಗಿಸುತ್ತಾರೆ, ಇನ್ನೊಬ್ಬರ ಮುಖದಲ್ಲಿ ಅದು ಇಳಿಯುತ್ತದೆ, ಆಮೇಲೆ ನಗು. ವೈಲರ್ ಈ ಬಿಡುವುಗಳನ್ನು ಅಳೆದು ಇಟ್ಟವರು. ಅವರು ಕೊಟ್ಟ ನಡಿಗೆಯಲ್ಲಿ ನೀವು ಈ ಚಿತ್ರವನ್ನು ನೋಡುತ್ತಿರುವುದು ಬ್ಲೂ-ರೇ ತಂದಮೇಲೆಯೇ. ಹಾಗಾಗಿ ಅದನ್ನು ಹಾಳುಮಾಡುತ್ತಿರುವ ಟಿವಿಯ ಸೆಟ್ಟಿಂಗುಗಳನ್ನು ಒಂದೊಂದಾಗಿ ತೆಗೆದುಹಾಕುವುದು ಮುಖ್ಯ. ನೀವು ಹೇಳಿದ ದೋಷಗಳಲ್ಲಿ ಎರಡು ದೋಷಗಳೇ ಅಲ್ಲ, ಉಳಿದವು ಟಿವಿಯವು. ಡಿಸ್ಕಿನದು ಒಂದೂ ಇಲ್ಲ.

ಮೊದಲನೆಯದು ಕಪ್ಪು ಪಟ್ಟಿ. ಚಿತ್ರೀಕರಣ ನಡೆದದ್ದು 1952ರ ಬೇಸಿಗೆಯಲ್ಲಿ, ರೋಮ್ ನಗರದಲ್ಲೇ. ಹಾಲಿವುಡ್ಡಿನಲ್ಲಿ ಅಗಲ ಪರದೆಯ ಅಲೆ ಎದ್ದದ್ದು ಅದರ ಮರುವರ್ಷ. ಆದ್ದರಿಂದ ಈ ಚಿತ್ರದ ಚೌಕಟ್ಟು ಹಳೆಯ 1.37:1 ಅಳತೆಯದು, ಹೆಚ್ಚುಕಡಿಮೆ ಹಳೆಯ ಟಿವಿಯ ಆಕಾರ. ಬ್ಲೂ-ರೇಯ 1920 ಗುಣಿಸು 1080 ಚುಕ್ಕಿಗಳಲ್ಲಿ (ಪಿಕ್ಸೆಲ್) ಚಿತ್ರ ನಡುವಿನ ಸುಮಾರು 1480 ಚುಕ್ಕಿಗಳಷ್ಟು ಅಗಲವನ್ನು ತುಂಬುತ್ತದೆ, ಎರಡೂ ಬದಿಗೆ 220ರಂತೆ ಕಪ್ಪು ಉಳಿಯುತ್ತದೆ. ನಿಮ್ಮ 55 ಇಂಚಿನ ಪರದೆಯಲ್ಲಿ ಅಳತೆಪಟ್ಟಿ ಹಿಡಿದರೆ ಒಂದೊಂದು ಪಟ್ಟಿ 14 ಸೆಂಟಿಮೀಟರ್ ಆಸುಪಾಸು ಇರಬೇಕು. ಅಷ್ಟಿದ್ದರೆ ಎಲ್ಲ ಸರಿಯಾಗಿದೆ ಎಂದರ್ಥ.

ಆ ಪಟ್ಟಿ ಕಣ್ಣಿಗೆ ಕಿರಿಕಿರಿ ಎಂದು ರಿಮೋಟಿನ ಜೂಮ್ ಒತ್ತಿದರೆ ಚೌಕಟ್ಟಿನ ಎತ್ತರದಲ್ಲಿ ಶೇಕಡ 23 ಹೋಗುತ್ತದೆ, ಅರ್ಧ ಮೇಲಿನಿಂದ, ಅರ್ಧ ಕೆಳಗಿನಿಂದ. ಎಳೆದು ಹಿಗ್ಗಿಸಿದರೆ ಮುಖ ಶೇಕಡ 30ರಷ್ಟು ಅಗಲವಾಗುತ್ತದೆ. ನಾಯಕಿ ಆಡ್ರೆ ಹೆಪ್‌ಬರ್ನ್ ಅವರ ಮುಖವನ್ನು ಶೇಕಡ 30 ಅಗಲ ಮಾಡಿ ನೋಡುವುದಕ್ಕೆ ಯಾರೂ ಡಿಸ್ಕ್ ಕೊಳ್ಳುವುದಿಲ್ಲ. ಜೂಮ್ ಮಾಡಿದಾಗ ಹೋಗುವುದೇನು ಎಂಬುದಕ್ಕೆ ಚಿತ್ರದ ಆರಂಭದ ರಾಜಸಭೆಯನ್ನೇ ತೆಗೆದುಕೊಳ್ಳಿ. ರಾಜಕುಮಾರಿ ಆ್ಯನ್ (ಹೆಪ್‌ಬರ್ನ್) ನಿಂತೇ ಅತಿಥಿಗಳ ವಂದನೆ ಸ್ವೀಕರಿಸುತ್ತ ಸುಸ್ತಾಗಿ, ನೆಲ ಮುಟ್ಟುವ ಗೌನಿನ ಒಳಗೇ ಒಂದು ಪಾದರಕ್ಷೆಯಿಂದ ಕಾಲು ಹೊರತೆಗೆಯುತ್ತಾಳೆ. ಪಾದರಕ್ಷೆ ಉರುಳುತ್ತದೆ, ಕಾಲಿಗೆ ಮತ್ತೆ ಸಿಗುವುದಿಲ್ಲ. ಅವಳು ಕುಳಿತಾಗ ಅದು ಗೌನಿನ ಮುಂದೆ ಒಂಟಿಯಾಗಿ ಬಿದ್ದಿರುತ್ತದೆ. ಮೇಲೆ ಗಾಂಭೀರ್ಯದ ಮುಖ, ಕೆಳಗೆ ಖಾಲಿ ಪಾದರಕ್ಷೆ: ಹಾಸ್ಯ ಇರುವುದು ಇವೆರಡರ ನಡುವಿನ ದೂರದಲ್ಲಿ. ಮುಂದೆ ಕೆಫೆಯ ದೃಶ್ಯದಲ್ಲೂ ಹೀಗೆಯೇ. ಜೋ (ಪೆಕ್) ಪತ್ರಕರ್ತ, ಆದರೆ ಅದನ್ನು ಆ್ಯನ್‌ಳಿಂದ ಮುಚ್ಚಿಟ್ಟಿದ್ದಾನೆ. ಅವನ ಗೆಳೆಯ, ಫೋಟೊಗ್ರಾಫರ್ ಇರ್ವಿಂಗ್ ಈ ಗುಟ್ಟು ಬಿಟ್ಟುಕೊಡುವ ಮುಂಚೆ ಅವನ ಬಾಯಿ ಮುಚ್ಚಿಸಲು ಜೋ ಮೇಜಿನ ಕೆಳಗಿನಿಂದ ಒದೆಯುತ್ತಾನೆ, ಪಾನೀಯ ಚೆಲ್ಲುತ್ತಾನೆ, ಕುರ್ಚಿ ಸಮೇತ ಉರುಳಿಸುತ್ತಾನೆ. ಮೇಜಿನ ಮೇಲೂ ಕೆಳಗೂ ನಡೆಯುವ ಆಟ ಅದು. ಕೆಳಭಾಗ ಕತ್ತರಿಸಿದರೆ ಅರ್ಧ ಆಟವೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಡಿವಿಡಿ ನೋಡಲು ಟಿವಿಯನ್ನು 4:3 ಅಳತೆಗೆ ಇಟ್ಟಿದ್ದರೆ ಬ್ಲೂ-ರೇಗೆ ಅದನ್ನು ಹಾಗೇ ಬಿಡಬೇಡಿ. ಬ್ಲೂ-ರೇಯಲ್ಲಿ ಕಪ್ಪು ಪಟ್ಟಿಯೂ ಚಿತ್ರದ ಭಾಗವಾಗಿಯೇ ಬರುತ್ತದೆ, ಹಾಗಾಗಿ ಟಿವಿ 16:9ರಲ್ಲೇ ಇರಬೇಕು. 4:3ರಲ್ಲಿ ಉಳಿದರೆ ಎಲ್ಲರೂ ಕಡ್ಡಿಗಳಾಗುತ್ತಾರೆ. ಜೊತೆಗೆ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್, ಫುಲ್ ಪಿಕ್ಸೆಲ್ ಎಂಬಂಥ ಹೆಸರಿನ ಆಯ್ಕೆ ಇರುತ್ತದೆ, ಅದನ್ನು ಹಾಕಿ. ಇಲ್ಲದಿದ್ದರೆ ಟಿವಿ ನಾಲ್ಕೂ ಅಂಚಿನಿಂದ ಒಂದಿಷ್ಟು ಕತ್ತರಿಸಿ, ಉಳಿದದ್ದನ್ನು ಹಿಗ್ಗಿಸಿ ತೋರಿಸುತ್ತದೆ. ಅಂಚೂ ಹೋಗುತ್ತದೆ, ಚುಕ್ಕಿಗೆ ಚುಕ್ಕಿ ಹೊಂದದೆ ಚಿತ್ರವೂ ಮಸುಕಾಗುತ್ತದೆ.

ದೋಷವಲ್ಲದ ಎರಡನೆಯದು ನೀವು ಮರಳು ಎಂದ ಗ್ರೇನ್. ಫಿಲ್ಮಿನಲ್ಲಿ ಚಿತ್ರ ಮೂಡುವುದೇ ಬೆಳ್ಳಿಯ ಕಣಗಳಿಂದ. ಕಣ ಇಲ್ಲದಿದ್ದರೆ ಚಿತ್ರವೂ ಇಲ್ಲ. ಒಂದು ಫ್ರೇಮಿನ ಕಣಗಳ ಜೋಡಣೆ ಮುಂದಿನ ಫ್ರೇಮಿನಲ್ಲಿ ಇರುವುದಿಲ್ಲವಾದ್ದರಿಂದ ಅದು ಸದಾ ಹರಿದಾಡಿದಂತೆ ಕಾಣುತ್ತದೆ, ಬೆಳಗಿದ ಆಕಾಶದಲ್ಲಿ, ಬೋಳು ಗೋಡೆಯಲ್ಲಿ ಹೆಚ್ಚು. ಈ ಚಿತ್ರದ ವಿಷಯದಲ್ಲಿ ಇನ್ನೂ ಒಂದು ಕಾರಣವಿದೆ. ಮೂಲ ಕ್ಯಾಮೆರಾ ನೆಗೆಟಿವ್ ಸಂಸ್ಕರಣೆಯಾದದ್ದು ರೋಮಿನ ಲ್ಯಾಬಿನಲ್ಲಿ, ಮತ್ತು ಅದರ ಸ್ಥಿತಿ ಚೆನ್ನಾಗಿರಲಿಲ್ಲ. ಚಿತ್ರದ ಸಂಸ್ಥೆ ಪ್ಯಾರಾಮೌಂಟ್ 2020ರ ಬ್ಲೂ-ರೇಗಾಗಿ ಚಿತ್ರವನ್ನು ಸರಿಪಡಿಸಿದಾಗ ಆಧಾರವಾಗಿಸಿಕೊಂಡದ್ದು ಡ್ಯೂಪ್ ನೆಗೆಟಿವ್ ಮತ್ತು ಫೈನ್ ಗ್ರೇನ್ ಪ್ರತಿಗಳನ್ನು. ಎಂದರೆ ಮೂಲದಿಂದ ಫಿಲ್ಮಿಗೆ ಫಿಲ್ಮು ಒತ್ತಿ ತೆಗೆದ ಪ್ರತಿಗಳು. ಪ್ರತಿ ತೆಗೆದಾಗಲೆಲ್ಲ ಮೂಲದ ಕಣದ ಮೇಲೆ ಹೊಸ ಫಿಲ್ಮಿನ ಕಣ ಸೇರುತ್ತದೆ, ಸೂಕ್ಷ್ಮ ವಿವರ ಒಂದಿಷ್ಟು ಕಳೆಯುತ್ತದೆ. ಗೀರು, ಮಚ್ಚೆ, ಕೊಳೆಯನ್ನು ಫ್ರೇಮ್ ಫ್ರೇಮಾಗಿ ಒರೆಸಬಹುದು. ಕಣವನ್ನು ಒರೆಸಿದರೆ ಅದರ ಜೊತೆ ಕಣ್ಣರೆಪ್ಪೆ, ಕೂದಲೆಳೆ, ಕೋಟಿನ ನೇಯ್ಗೆಯೂ ಅಳಿದುಹೋಗುತ್ತವೆ.

ನೋಡುತ್ತಿರುವುದು ನಿಜವಾದ ಗ್ರೇನೋ ಅಥವಾ ಟಿವಿ ಎಬ್ಬಿಸಿದ ಗಲೀಜೋ ಎಂದು ತಿಳಿಯಲು ಸುಲಭ ಪರೀಕ್ಷೆಯಿದೆ. ಮುಖ ದೊಡ್ಡದಾಗಿ ಕಾಣುವ ಕಡೆ ನಿಲ್ಲಿಸಿ, ಒಂದೊಂದೇ ಫ್ರೇಮ್ ಮುಂದಕ್ಕೆ ಹೋಗಿ. ಪ್ರತಿ ಹೆಜ್ಜೆಗೂ ಕಣಗಳ ಜೋಡಣೆ ಪೂರ್ತಿ ಬದಲಾಗಬೇಕು. ಮುಖ ಸರಿದರೂ ಕಣಗಳು ಗಾಜಿಗೆ ಅಂಟಿದ ಧೂಳಿನಂತೆ ಇದ್ದಲ್ಲೇ ಇದ್ದರೆ ನಾಯ್ಸ್ ರಿಡಕ್ಷನ್ ಕೆಲಸ ಮಾಡುತ್ತಿದೆ ಎಂದರ್ಥ. ಚೌಕ ಚೌಕವಾಗಿ ಒಡೆದಂತೆ ಕಂಡರೆ ಅದು ದತ್ತಾಂಶ ಕುಗ್ಗಿಸಿದ್ದರ ಗುರುತು. ಸ್ಟ್ರೀಮಿಂಗಿನಲ್ಲಿ ಹೆಚ್ಚು, ಒಳ್ಳೆಯ ಬ್ಲೂ-ರೇಯಲ್ಲಿ ಅಪರೂಪ.

ಮೇಣದ ಮುಖ ಇಲ್ಲಿಂದಲೇ ಬರುತ್ತದೆ. ಟಿವಿಯಲ್ಲಿ ಎರಡು ಸೌಲಭ್ಯಗಳು ಒಂದಕ್ಕೊಂದು ವಿರುದ್ಧವಾಗಿ ಎಳೆದಾಡುತ್ತಿವೆ. ನಾಯ್ಸ್ ರಿಡಕ್ಷನ್ ಕಣವನ್ನು ಕೊಳೆಯೆಂದು ತಿಳಿದು ಮುಖವನ್ನು ಉಜ್ಜಿ ನುಣುಪು ಮಾಡುತ್ತದೆ. ಶಾರ್ಪ್‌ನೆಸ್ ಉಳಿದ ಕಡೆಯ ಕಣವನ್ನು ಕೆದಕಿ ಎತ್ತಿ ತೋರಿಸುತ್ತದೆ. ಅದಕ್ಕೇ ನಿಮಗೆ ಆಕಾಶದಲ್ಲಿ ಮರಳು, ಮುಖದಲ್ಲಿ ಮೇಣ, ಎರಡೂ ಒಟ್ಟಿಗೆ ಕಂಡಿವೆ. ಟಿವಿಯ ಚಿತ್ರದ ಮೆನುವಿನಲ್ಲಿ ನಾಯ್ಸ್ ರಿಡಕ್ಷನ್, ಎಂಪೆಗ್ ನಾಯ್ಸ್ ರಿಡಕ್ಷನ್, ಸ್ಮೂತ್ ಗ್ರೇಡೇಷನ್, ಸೂಪರ್ ರೆಸಲ್ಯೂಷನ್, ಎಡ್ಜ್ ಎನ್‌ಹ್ಯಾನ್ಸರ್ ಎಂದು ಏನೇನಿದೆಯೋ ಎಲ್ಲವನ್ನೂ ಆಫ್ ಮಾಡಿ. ಪ್ಲೇಯರಿನ ಮೆನುವಿನಲ್ಲೂ ಇಂಥದೇ ಒಂದಿರುತ್ತದೆ, ಅದನ್ನು ಮರೆಯುವವರೇ ಹೆಚ್ಚು. ಶಾರ್ಪ್‌ನೆಸ್ಸನ್ನು ಸಂಖ್ಯೆ ನೋಡಿ ಇಡಬೇಡಿ. ಕೆಲವು ಟಿವಿಗಳಲ್ಲಿ ಏನೂ ಸೇರಿಸದ ಸ್ಥಿತಿ ಸೊನ್ನೆಯಲ್ಲಿದ್ದರೆ, ಕೆಲವದರಲ್ಲಿ ನಡುಮಧ್ಯದಲ್ಲಿರುತ್ತದೆ. ಪೆಕ್ ಬಿಸಿಲಿನ ಗೋಡೆಯ ಮುಂದೆ ನಿಂತ ಶಾಟ್ ನಿಲ್ಲಿಸಿ ಅವರ ಭುಜದ ಅಂಚನ್ನು ನೋಡಿ. ಅಂಚಿನ ಸುತ್ತ ತೆಳ್ಳನೆಯ ಬಿಳಿ ಗೆರೆ ಇರುತ್ತದೆ. ಅದು ಮಾಯವಾಗುವವರೆಗೆ ಶಾರ್ಪ್‌ನೆಸ್ ಇಳಿಸಿ, ಅಲ್ಲಿಗೇ ಬಿಡಿ. ಮೊದಲ ಹತ್ತು ನಿಮಿಷ ಚಿತ್ರ ಮೆತ್ತಗಾಯಿತು ಅನ್ನಿಸುತ್ತದೆ, ಆಮೇಲೆ ಕಣ್ಣು ಒಗ್ಗುತ್ತದೆ.

ಡಿಸ್ಕ್ ಹೇಗಿದೆ ಎಂದು ಮೊದಲ ಒಂದೆರಡು ನಿಮಿಷ ನೋಡಿ ತೀರ್ಮಾನಿಸಬೇಡಿ. ಚಿತ್ರ ಶುರುವಾಗುವುದು ರಾಜಕುಮಾರಿಯ ಯುರೋಪ್ ಪ್ರವಾಸದ ಸುದ್ದಿಚಿತ್ರದ ರೂಪದಲ್ಲಿ. ಅಲ್ಲಿನ ಒರಟುತನ ಸುದ್ದಿಚಿತ್ರದ ಒರಟುತನ. ಹಾಗೆಯೇ ಒಂದು ದೃಶ್ಯ ಕರಗಿ ಇನ್ನೊಂದು ಮೂಡುವ ಡಿಸಾಲ್ವ್‌ಗಳ ಹತ್ತಿರ ಚಿತ್ರ ಇದ್ದಕ್ಕಿದ್ದಂತೆ ಮಂಕಾಗಿ, ದಾಟಿದ ಮೇಲೆ ಮತ್ತೆ ಚುರುಕಾಗುವುದನ್ನು ಗಮನಿಸುತ್ತೀರಿ. ಆ ಕಾಲದಲ್ಲಿ ಡಿಸಾಲ್ವ್ ಮಾಡಲು ಎರಡು ತುಣುಕನ್ನು ಆಪ್ಟಿಕಲ್ ಪ್ರಿಂಟರಿನಲ್ಲಿ ಮತ್ತೊಂದು ಫಿಲ್ಮಿಗೆ ಇಳಿಸಬೇಕಿತ್ತು, ಅಷ್ಟು ಭಾಗ ಇನ್ನೊಂದು ತಲೆಮಾರು ಕೆಳಗಿಳಿದಂತೆ. 1953ರಲ್ಲಿ ಚಿತ್ರಮಂದಿರದಲ್ಲಿ ನೋಡಿದವರಿಗೂ ಅದು ಹಾಗೇ ಕಂಡದ್ದು.

ಧಾರಾವಾಹಿಯಂತೆ ಕಾಣುವುದಕ್ಕೆ ಬರೋಣ. ಎಲ್ಲಕ್ಕಿಂತ ಕೆಟ್ಟದ್ದು ಇದೇ, ಸರಿಪಡಿಸಲು ಸುಲಭವಾದದ್ದೂ ಇದೇ. 24 ಫ್ರೇಮುಗಳ ನಡುವೆ ಟಿವಿ ತಾನೇ ಊಹಿಸಿ ಹೊಸ ಫ್ರೇಮುಗಳನ್ನು ಹುಟ್ಟಿಸಿ ತುಂಬುತ್ತಿದೆ. ಎಲ್‌ಜಿಯಲ್ಲಿ ಇದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೊ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲ್ಯಾರಿಟಿ. ಹೆಸರು ಯಾವುದೇ ಇರಲಿ, ಪೂರ್ತಿ ಆಫ್ ಮಾಡಿ. ನಿಮ್ಮ ಟಿವಿಯಲ್ಲಿ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನು ಆರಿಸಿದರೆ ಸಾಕು: ಊಹೆಯ ಫ್ರೇಮು, ನಾಯ್ಸ್ ರಿಡಕ್ಷನ್, ಹೆಚ್ಚುವರಿ ಶಾರ್ಪ್‌ನೆಸ್ ಎಲ್ಲ ಒಟ್ಟಿಗೇ ಹೋಗುತ್ತವೆ. ಇಲ್ಲದಿದ್ದರೆ ಸಿನಿಮಾ ಎಂಬ ಮೋಡ್ ಆರಿಸಿ, ಒಳಗೆ ಹೋಗಿ ಒಂದೊಂದನ್ನೂ ಪರೀಕ್ಷಿಸಿ. ಸಿನಿಮಾ ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಆಫ್ ಆಗಿರುತ್ತದೆ ಎಂದು ನಂಬುವ ಹಾಗಿಲ್ಲ.

ಪ್ಲೇಯರಿನ ಕಡೆಯಿಂದಲೂ ಒಂದು ಕೆಲಸ ಇದೆ. 24ಪಿ ಔಟ್‌ಪುಟ್, ಎಂದರೆ ಸೆಕೆಂಡಿಗೆ 24 ಫ್ರೇಮನ್ನೇ ಕಳಿಸುವ ಆಯ್ಕೆಯನ್ನು ಆನ್ ಅಥವಾ ಆಟೊ ಮಾಡಿ. ಅದು ಆಫ್ ಆಗಿದ್ದರೆ ಪ್ಲೇಯರ್ 24 ಫ್ರೇಮನ್ನು ಸೆಕೆಂಡಿಗೆ 60ಕ್ಕೆ ಹೊಂದಿಸಲು ಒಂದು ಫ್ರೇಮನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸುತ್ತದೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಹೊರಳುವಾಗ ಚಿತ್ರ ಕುಂಟಿದಂತೆ ಕಾಣುತ್ತದೆ. 120 ಹರ್ಟ್ಸ್, ಎಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ ಟಿವಿಗೆ 24ಪಿ ಕಳಿಸಿದರೆ ಪ್ರತಿ ಫ್ರೇಮೂ ಸರಿಯಾಗಿ ಐದು ಸಲ ಬರುತ್ತದೆ, ಕುಂಟು ಇರುವುದಿಲ್ಲ. ಪರೀಕ್ಷೆಗೆ ವೆಸ್ಪಾ ಸ್ಕೂಟರಿನ ಸವಾರಿ ಒಳ್ಳೆಯ ಜಾಗ. ಹಿನ್ನೆಲೆಯ ಬೀದಿ ಸ್ವಲ್ಪ ಮಸುಕಾಗಿ, ಸ್ವಲ್ಪ ಅದುರುತ್ತ ಸಾಗಬೇಕು. ಎಣ್ಣೆ ಹಚ್ಚಿದಂತೆ ಜಾರಿದರೆ ಊಹೆಯ ಫ್ರೇಮು ಇನ್ನೂ ಎಲ್ಲೋ ಉಳಿದಿದೆ. ಸವಾರರ ಅಂಚಿನಲ್ಲಿ ನೀರು ಕದಡಿದಂತೆ ಕಂಡರೂ ಅದೇ.

ಹಾಸ್ಯಕ್ಕೆ ಇದರಿಂದ ಏನಾಗುತ್ತದೆ ಎಂಬುದನ್ನು ಸತ್ಯದ ಬಾಯಿಯ ದೃಶ್ಯದಲ್ಲಿ ನೋಡಬಹುದು. ಸಾಂತಾ ಮರಿಯಾ ಇನ್ ಕೊಸ್ಮೆದಿನ್ ಚರ್ಚಿನ ಮುಂಗಟ್ಟೆಯಲ್ಲಿರುವ ಆ ಅಮೃತಶಿಲೆಯ ಮುಖದ ಬಾಯಿಗೆ ಸುಳ್ಳುಗಾರರು ಕೈ ಹಾಕಿದರೆ ಕಚ್ಚುತ್ತದೆ ಎಂಬುದು ಪ್ರತೀತಿ. ಅಲ್ಲಿ ನಿಂತಿರುವ ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿದವರೇ. ಆ್ಯನ್ ಕೈ ಹತ್ತಿರ ಒಯ್ದು ಹಿಂದಕ್ಕೆ ತೆಗೆಯುತ್ತಾಳೆ. ಜೋ ಕೈ ಒಳಗಿಡುತ್ತಾನೆ, ಚೀರುತ್ತಾನೆ, ಅವಳು ಓಡಿಬಂದು ಎಳೆಯುತ್ತಾಳೆ, ಹೊರಬಂದ ತೋಳಿನ ತುದಿಯಲ್ಲಿ ಕೈ ಇಲ್ಲ. ಕೈಯನ್ನು ತೋಳಿನೊಳಗೆ ಎಳೆದುಕೊಳ್ಳುವ ಈ ಉಪಾಯವನ್ನು ಹೆಪ್‌ಬರ್ನ್ ಅವರಿಗೆ ಮುಂಚೆ ಹೇಳಿರಲಿಲ್ಲ. ಆ ಚೀರು, ಆ ನಗು ಅಭಿನಯದ ಅಂಚು ದಾಟಿದವು. ಕೈ ತೋಳಿನಿಂದ ಹೊರಗೆ ಇಣುಕುವುದಕ್ಕೂ ಅವಳ ಮುಖ ಹೆದರಿಕೆಯಿಂದ ನಗುವಿಗೆ ತಿರುಗುವುದಕ್ಕೂ ನಡುವೆ ಇರುವುದು ಕೆಲವೇ ಫ್ರೇಮು. ಅಲ್ಲಿ ಟಿವಿ ತನ್ನ ಊಹೆಯ ಫ್ರೇಮುಗಳನ್ನು ತುರುಕಿದರೆ ಬೆಚ್ಚಿಬೀಳುವ ಜರ್ಕೇ ಹೋಗಿ, ಮುಖ ರಬ್ಬರಿನಂತೆ ಒಂದು ಭಾವದಿಂದ ಇನ್ನೊಂದಕ್ಕೆ ಹರಿಯುತ್ತದೆ. ಈ ದೃಶ್ಯವನ್ನು ಆನ್ ಮಾಡಿ ಒಮ್ಮೆ, ಆಫ್ ಮಾಡಿ ಒಮ್ಮೆ ನೋಡಿದರೆ ನಿಮಗೇ ತಿಳಿಯುತ್ತದೆ. ಅದೇ ದೃಶ್ಯದಲ್ಲಿ ಕಲ್ಲಿನ ಮುಖದ ಸವೆತ, ಬಿರುಕು, ಪೆಕ್ ಕೋಟಿನ ನೇಯ್ಗೆ ಕಾಣುತ್ತಿವೆಯೇ ನೋಡಿ; ಕಲ್ಲು ಪ್ಲಾಸ್ಟಿಕ್ಕಿನಂತಿದ್ದರೆ ನಾಯ್ಸ್ ರಿಡಕ್ಷನ್ ಇನ್ನೂ ಉಳಿದಿದೆ.

ನೀಲಿ ಹೊಡೆಯುವ ಬಿಳುಪಿಗೆ ಕಾರಣ ಕಲರ್ ಟೆಂಪರೇಚರ್. ಅಂಗಡಿಯ ಬೆಳಕಿನಲ್ಲಿ ಎದ್ದು ಕಾಣಲೆಂದು ಟಿವಿಗಳು ಕೂಲ್ ಸ್ಥಿತಿಯಲ್ಲಿ ಬರುತ್ತವೆ. ವಾರ್ಮ್, ಎರಡು ಮೂರು ವಾರ್ಮ್ ಇದ್ದರೆ ಅದರಲ್ಲಿ ಕೊನೆಯದು, ಸಾಮಾನ್ಯವಾಗಿ 6500 ಕೆಲ್ವಿನ್‌ಗೆ ಹತ್ತಿರ ಇರುತ್ತದೆ. ವಿಡಿಯೊದ ಬಿಳುಪಿನ ಮಾನದಂಡ ಅದೇ. ಬಣ್ಣದ ಚಿತ್ರದಲ್ಲಿ ಈ ತಪ್ಪು ಬಣ್ಣಗಳ ನಡುವೆ ಅಡಗಿಬಿಡುತ್ತದೆ. ಕಪ್ಪು ಬಿಳುಪಿನಲ್ಲಿ ಅಡಗಲು ಜಾಗವಿಲ್ಲ. ಬದಲಾಯಿಸಿದ ಮೇಲೂ ಬಣ್ಣದ ಛಾಯೆ ಉಳಿದಿದ್ದರೆ ಟಿವಿಯ ಕಲರ್ ಅನ್ನು ಸೊನ್ನೆಗೆ ಇಳಿಸಿ ನೋಡಿ. ಛಾಯೆ ಮಾಯವಾದರೆ ಅದು ಬರುತ್ತಿದ್ದದ್ದು ಡಿಸ್ಕಿನಿಂದ ಅಥವಾ ಪ್ಲೇಯರಿನಿಂದ. ಮಾಯವಾಗದಿದ್ದರೆ ಟಿವಿಯ ವೈಟ್ ಬ್ಯಾಲೆನ್ಸ್ ತಪ್ಪಿದೆ. ಕಪ್ಪು ಬಿಳುಪಿನ ಚಿತ್ರಕ್ಕೆ ಕಲರ್ ಸೊನ್ನೆಯಲ್ಲೇ ಇಟ್ಟು ನೋಡಿದರೂ ನಷ್ಟವೇನಿಲ್ಲ, ಮುಗಿದಮೇಲೆ ವಾಪಸ್ ಏರಿಸಲು ಮರೆಯದಿದ್ದರೆ ಸರಿ.

ಆಮೇಲೆ ಬೆಳಕು. ಡೈನಮಿಕ್ ಕಾಂಟ್ರಾಸ್ಟ್ ಮತ್ತು ಕೋಣೆಯ ಬೆಳಕಿಗೆ ತಕ್ಕಂತೆ ತಾನೇ ಬದಲಾಗುವ ಸೆನ್ಸರ್ ಎರಡನ್ನೂ ಆಫ್ ಮಾಡಿ. ಕಾಂಟ್ರಾಸ್ಟ್ ಇಡಲು ರೋಮಿನ ಸ್ಪ್ಯಾನಿಷ್ ಮೆಟ್ಟಿಲುಗಳ ದೃಶ್ಯಕ್ಕೆ ಹೋಗಿ. ಜೆಲಾಟೊ (ಇಟಲಿಯ ಐಸ್‌ಕ್ರೀಮು) ತಿನ್ನುತ್ತಿರುವ ಆ್ಯನ್‌ಳ ಬಿಳಿ ಬ್ಲೌಸಿನ ಮಡಿಕೆಗಳು ಬಿಸಿಲಿನಲ್ಲೂ ಎಣಿಸುವಂತಿರಬೇಕು. ಬಿಳಿ ಕಾಗದದಂತೆ ಚಪ್ಪಟೆಯಾದರೆ ಕಾಂಟ್ರಾಸ್ಟ್ ಇಳಿಸಿ. ಬ್ರೈಟ್‌ನೆಸ್ ಇಡಲು ರಾತ್ರಿಯಲ್ಲಿ ಕ್ಯಾಸ್ತೆಲ್ ಸಾಂತಾಂಜೆಲೊ ಕೋಟೆಯ ಬಳಿ ನದಿಯ ದೋಣಿಯ ಮೇಲೆ ನಡೆಯುವ ನೃತ್ಯ. ಕಪ್ಪು ಸೂಟಿನವರು ಕತ್ತಲಿನಿಂದ ಬೇರೆಯಾಗಿ ಕಾಣಬೇಕು, ಆದರೆ ಬದಿಯ ಪಟ್ಟಿಗಳು ಬೂದಿಯಾಗಬಾರದು. ಕಪ್ಪು ಪಟ್ಟಿಯೇ ಇಲ್ಲಿ ನಿಮಗೆ ಅಳತೆಗೋಲು. ಎಷ್ಟು ತಿರುವಿದರೂ ಕಪ್ಪು ಬೂದಿಯಾಗಿಯೇ ಉಳಿದರೆ, ಇಲ್ಲವೇ ಕತ್ತಲೆಲ್ಲ ಒಂದೇ ಮುದ್ದೆಯಾದರೆ, ಕಪ್ಪಿನಿಂದ ಬಿಳುಪಿನವರೆಗೆ ಪ್ಲೇಯರ್ ಕಳಿಸುವ ಶ್ರೇಣಿಗೂ ಟಿವಿ ನಿರೀಕ್ಷಿಸುವ ಶ್ರೇಣಿಗೂ ತಾಳೆಯಾಗಿಲ್ಲ. ಎಚ್‌ಡಿಎಂಐ ಸೆಟ್ಟಿಂಗಿನಲ್ಲಿ ಆರ್‌ಜಿಬಿ ಫುಲ್ ಎಂದಿದ್ದರೆ ಅದನ್ನು ಲಿಮಿಟೆಡ್ ಅಥವಾ ವೈಸಿಬಿಸಿಆರ್ ಮಾಡಿ, ಟಿವಿಯಲ್ಲಿ ಬ್ಲ್ಯಾಕ್ ಲೆವೆಲ್ ಆಟೊ ಅಥವಾ ಲೋ ಇರಲಿ.

ಧ್ವನಿ ಈ ಚಿತ್ರದಲ್ಲಿ ಮೋನೊ, ಎಂದರೆ ಎಡ ಬಲ ಎಂಬ ಭೇದವಿಲ್ಲದ ಒಂದೇ ಧ್ವನಿ. ಅದೇ ಧ್ವನಿ ಎಡ ಬಲ ಎರಡರಿಂದಲೂ ಒಂದೇ ರೀತಿ ಬಂದು ನಡುವಿನಿಂದ ಬಂದಂತೆ ಕೇಳಬೇಕು. ಮಾತು ಸಣ್ಣಗಾಗಲು ಸಾಮಾನ್ಯ ಕಾರಣ ಸೌಂಡ್‌ಬಾರಿನ ಅಥವಾ ಟಿವಿಯ ವರ್ಚುವಲ್ ಸರೌಂಡ್. ಮೋನೊ ಧ್ವನಿಗೆ ಕೃತಕ ಅಗಲ ಕೊಡಲು ಹೋಗಿ ಅದು ಮಾತನ್ನು ಕೋಣೆಯ ತುಂಬ ಚದುರಿಸಿಬಿಡುತ್ತದೆ. ಅದನ್ನು ತೆಗೆದು ಸ್ಟೀರಿಯೊ ಅಥವಾ ಸ್ಟ್ಯಾಂಡರ್ಡ್ ಮಾಡಿ. ಸೆಂಟರ್ ಸ್ಪೀಕರ್ ಇರುವ ರಿಸೀವರ್ ಇದ್ದರೆ ಪ್ರೊ ಲಾಜಿಕ್ ಅಥವಾ ಡಾಲ್ಬಿ ಸರೌಂಡ್ ಹಾಕಿ. ಎರಡೂ ಬದಿಯಲ್ಲಿ ಒಂದೇ ಧ್ವನಿಯಿದ್ದರೆ ಅದು ಪೂರ್ತಿ ನಡುವಿನ ಸ್ಪೀಕರಿಗೆ ಹೋಗುತ್ತದೆ, ಚಿತ್ರಮಂದಿರದಲ್ಲಿ ಪರದೆಯ ಹಿಂದಿನಿಂದ ಬರುತ್ತಿದ್ದಂತೆ. ಟ್ರೆಬಲ್ ಏರಿಸಿ ಮಾತನ್ನು ಚೂಪುಮಾಡಲು ಹೋಗಬೇಡಿ. ಆ ಕಾಲದ ಫಿಲ್ಮಿನ ಧ್ವನಿಪಟ್ಟಿಯಲ್ಲಿ ಮೇಲಿನ ಸ್ವರಗಳು ಅಷ್ಟಾಗಿ ಇಲ್ಲವೇ ಇಲ್ಲ, ಏರಿಸಿದರೆ ಸಿಗುವುದು ಬುಸ್ ಎನ್ನುವ ಸದ್ದು. ರಾತ್ರಿ ಸಣ್ಣ ಸದ್ದಿನಲ್ಲಿ ನೋಡುವುದಿದ್ದರೆ ನೈಟ್ ಮೋಡ್ ಸಾಕು.

ಸಬ್‌ಟೈಟಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಚಿತ್ರದಲ್ಲಿ ರೋಮಿನ ಜನ ಇಟಾಲಿಯನ್ ಆಡುತ್ತಾರೆ, ಅದಕ್ಕೆ ಚಿತ್ರವೇ ಅನುವಾದ ಕೊಡುವುದಿಲ್ಲ. ಡಿಸ್ಕಿನಲ್ಲಿ ಏನೋ ಬಿಟ್ಟುಹೋಗಿದೆ ಎಂದುಕೊಳ್ಳಬೇಡಿ. ಅರ್ಥವಾಗದೆ ತಬ್ಬಿಬ್ಬಾಗುವುದೇ ಅಲ್ಲಿನ ತಮಾಷೆ.

ಇನ್ನು ಯಾವ ಪ್ರತಿ ಎಂಬ ವಿಚಾರ. ಹಳೆಯ ಡಿವಿಡಿಯನ್ನು ಎಸೆಯಬೇಡಿ, ಕಲಾವಿದರು, ತಂತ್ರಜ್ಞರ ಹೆಸರು ತೋರಿಸುವ ಶೀರ್ಷಿಕೆಗಳ ಕಾರಣಕ್ಕಾದರೂ ಒಮ್ಮೆ ಹಾಕಿ ನೋಡಿ. ಈ ಕಥೆ ಬರೆದ ಡಾಲ್ಟನ್ ಟ್ರಂಬೊ ಆಗ ಹಾಲಿವುಡ್ಡಿನ ಬ್ಲ್ಯಾಕ್‌ಲಿಸ್ಟಿನಲ್ಲಿದ್ದರು, ಎಂದರೆ ಕಮ್ಯುನಿಸ್ಟರೆಂಬ ಕಾರಣಕ್ಕೆ ಸ್ಟುಡಿಯೊಗಳು ಕೆಲಸ ಕೊಡದಿದ್ದವರ ಪಟ್ಟಿಯಲ್ಲಿ. 1953ರ ಪ್ರತಿಗಳಲ್ಲಿ ಅವರ ಹೆಸರಿಲ್ಲ. ಹೆಸರು ಕೊಟ್ಟವರು ಅವರ ಗೆಳೆಯ ಇಯಾನ್ ಮೆಕ್ಲೆಲನ್ ಹಂಟರ್, ಕಥೆಗೆ ಬಂದ ಆಸ್ಕರ್ ಹೋದದ್ದೂ ಹಂಟರ್ ಅವರಿಗೆ. ಟ್ರಂಬೊ 1976ರಲ್ಲಿ ತೀರಿಕೊಂಡರು. 1993ರಲ್ಲಿ ಆಸ್ಕರ್ ಕೊಡುವ ಅಕಾಡೆಮಿ ಆ ಪ್ರಶಸ್ತಿಯನ್ನು ಅವರ ಪತ್ನಿಯ ಕೈಗೆ ಕೊಟ್ಟಿತು. 2000ದ ದಶಕದ ಆರಂಭದಲ್ಲಿ ಚಿತ್ರವನ್ನು ಡಿವಿಡಿಗಾಗಿ ಶುದ್ಧಗೊಳಿಸಿದಾಗ ಶೀರ್ಷಿಕೆಯಲ್ಲಿ ಟ್ರಂಬೊ ಹೆಸರನ್ನು ಸೇರಿಸಿದರು. ಚಿತ್ರಕಥೆಗೆ ಸಲ್ಲಬೇಕಾದ ಪೂರ್ತಿ ಮನ್ನಣೆಯನ್ನು ಹಾಲಿವುಡ್ಡಿನ ಚಿತ್ರಕಥೆಗಾರರ ಸಂಘ ಮರಳಿಸಿದ್ದು 2011ರಲ್ಲಿ. ಅದೇ ಶೀರ್ಷಿಕೆಗಳಲ್ಲಿ ಇನ್ನೊಂದು ಸಾಲನ್ನೂ ಗಮನಿಸಿ: ಇಡೀ ಚಿತ್ರದ ಛಾಯಾಗ್ರಹಣ ಮತ್ತು ಧ್ವನಿಗ್ರಹಣ ರೋಮಿನಲ್ಲೇ ಆಗಿದೆ ಎಂಬ ಘೋಷಣೆ. ಸ್ಟುಡಿಯೊದ ಹೊರಗೆ ಹೋಗಿ ಚಿತ್ರ ತೆಗೆಯುವುದು ಅಂದು ಹಾಲಿವುಡ್ಡಿಗೆ ಎಷ್ಟು ಹೊಸತಾಗಿತ್ತು ಎಂಬುದು ಆ ಒಂದು ಸಾಲಿನಿಂದಲೇ ತಿಳಿಯುತ್ತದೆ.

4ಕೆ ಡಿಸ್ಕ್ 2023ರಲ್ಲಿ, ಚಿತ್ರಕ್ಕೆ 70 ತುಂಬಿದಾಗ ಬಂತು. ಅದಕ್ಕೆ ಹೋಗಬೇಕೇ ಎಂದರೆ, ನಿಮ್ಮ ದೂರುಗಳ ಪರಿಹಾರಕ್ಕೆಂದು ಬೇಡ. ಮೇಲಿನ ಸೆಟ್ಟಿಂಗುಗಳನ್ನು ಸರಿಪಡಿಸದೆ 4ಕೆ ಹಾಕಿದರೂ ಅದೇ ಮೇಣ, ಅದೇ ನೀಲಿ. ಆಧಾರ ಮೂಲ ನೆಗೆಟಿವ್ ಆಗಿರದೆ ಪ್ರತಿಗಳಾಗಿರುವಾಗ, ಬ್ಲೂ-ರೇಯ ಎರಡು ಮಿಲಿಯನ್ ಚುಕ್ಕಿಗಳಿಂದ ಎಂಟು ಮಿಲಿಯನ್‌ಗೆ ಹಾರಿದರೂ ಹೊಸ ವಿವರ ನಾಲ್ಕು ಪಟ್ಟು ಬರುವುದಿಲ್ಲ. ಗ್ರೇನ್ ಹೆಚ್ಚು ನಯವಾಗಿ, ಹೆಚ್ಚು ಸಹಜವಾಗಿ ಕಾಣುತ್ತದೆ, ಅದು ನಿಜವಾದ ಲಾಭ. ಆ ಲಾಭವೂ ಕೂರುವ ದೂರದ ಮೇಲೆ ನಿಂತಿದೆ. 55 ಇಂಚಿನ ಪರದೆಯ ಎತ್ತರ 68 ಸೆಂಟಿಮೀಟರ್. ಅದರ ಮೂರರಷ್ಟು, ಎಂದರೆ ಸುಮಾರು 2 ಮೀಟರಿಗಿಂತ ಹಿಂದೆ ಕೂತರೆ ಒಳ್ಳೆಯ ಕಣ್ಣಿಗೂ ಎರಡರ ಚುಕ್ಕಿಗಳ ವ್ಯತ್ಯಾಸ ಕಾಣುವುದು ಕಷ್ಟ. ಈ ಚಿತ್ರ ಪರದೆಯ ಅಗಲದಲ್ಲಿ 94 ಸೆಂಟಿಮೀಟರನ್ನಷ್ಟೇ ತುಂಬುವುದರಿಂದ, ಹೇಗೂ ಕುರ್ಚಿಯನ್ನು 2 ಮೀಟರ್ ಒಳಗೆ ಎಳೆದುಕೊಳ್ಳುವುದು ಒಳ್ಳೆಯದು. ಹಣ ಖರ್ಚಿಲ್ಲದ ಸುಧಾರಣೆ ಅದು.

ಸ್ಟ್ರೀಮಿಂಗಿನಲ್ಲಿ 4ಕೆ ಎಂದು ಬರೆದಿದ್ದರೂ ಡಿಸ್ಕಿಗೆ ಸಮ ಎಂದುಕೊಳ್ಳಬೇಡಿ. ಬ್ಲೂ-ರೇಯ ವಿಡಿಯೊ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಹೋಗಬಹುದು, ಡಿವಿಡಿ 9.8ಕ್ಕೆ ನಿಲ್ಲುತ್ತದೆ. ಸ್ಟ್ರೀಮಿಂಗ್ ಎಷ್ಟು ಕಳಿಸುತ್ತದೆ ಎಂಬುದು ಸಂಪರ್ಕದ ಮೇಲೆ ಏರಿಳಿಯುತ್ತದೆ, ಮತ್ತು ಮೊದಲ ಪೆಟ್ಟು ಬೀಳುವುದೇ ಗ್ರೇನಿನ ಮೇಲೆ. ಪ್ರತಿ ಫ್ರೇಮಿಗೂ ಹೊಸದಾಗಿ ಬರುವ ಕಣಗಳನ್ನು ಕುಗ್ಗಿಸುವುದು ತುಂಬಾ ಕಷ್ಟದ ಕೆಲಸ, ಬಿಟ್ಟುಬಿಡುವುದು ಸುಲಭ. ಬೇರೆ ದೇಶದ ಡಿಸ್ಕ್ ತರಿಸುವುದಿದ್ದರೆ, ಬ್ಲೂ-ರೇಗೆ ಎ, ಬಿ, ಸಿ ಎಂಬ ವಲಯಗಳಿವೆ, ಡಿವಿಡಿಗೆ ಸಂಖ್ಯೆಯ ವಲಯಗಳಿವೆ. ಪ್ಲೇಯರಿನ ವಲಯಕ್ಕೆ ಹೊಂದದಿದ್ದರೆ ಓಡುವುದಿಲ್ಲ. 4ಕೆ ಡಿಸ್ಕಿಗೆ ವಲಯದ ತೊಡಕಿಲ್ಲ, ಜೊತೆಯಲ್ಲಿ ಬರುವ ಬ್ಲೂ-ರೇಗೆ ಇರಬಹುದು. ಡಿಸ್ಕಿನ ಮೇಲೆ ಬೆರಳಚ್ಚು ಬಿದ್ದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತು ತಿರುಗಿಸಿ ಅಲ್ಲ. ಬ್ಲೂ-ರೇಯಲ್ಲಿ ದತ್ತಾಂಶದ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ, ಡಿವಿಡಿಯಲ್ಲಿ 0.6. ಮೇಲೆ ಗಟ್ಟಿ ಲೇಪ ಇರುವುದರಿಂದ ಬ್ಲೂ-ರೇಗೆ ಗೀರು ಬೀಳುವುದು ಕಡಿಮೆ, ಬಿದ್ದರೆ ಮಾತ್ರ ಉಜ್ಜಿ ಸರಿಮಾಡಲು ಆಗುವುದಿಲ್ಲ.

ಎಲ್ಲ ಹೊಂದಿಸಿದ ಮೇಲೆ ಕೊನೆಯ ದೃಶ್ಯವನ್ನು ಒಮ್ಮೆ ಹಾಕಿ. ರೋಮಿನ ಪಲಾಜೊ ಕೊಲೊನ್ನಾ ಅರಮನೆಯ ಸಭಾಂಗಣದಲ್ಲಿ ಪತ್ರಕರ್ತರ ಭೇಟಿ ಮುಗಿದು ಎಲ್ಲರೂ ಹೊರಟಮೇಲೆ, ಜೋ ಒಬ್ಬನೇ ಪ್ಯಾಂಟಿನ ಜೇಬಿನಲ್ಲಿ ಕೈಯಿಟ್ಟು ನಡೆದುಬರುತ್ತಾನೆ, ಕ್ಯಾಮೆರಾ ಅವನ ಮುಂದೆ ಹಿಂದಕ್ಕೆ ಸರಿಯುತ್ತದೆ. ಅವನ ಹಿಂದಿನ ಕಂಬಗಳು ಜಾರದೆ, ತುಸು ಅದುರುತ್ತ ದೂರವಾಗಬೇಕು. ಕೋಟಿನ ಮಡಿಕೆ ಬೇರೆ ಬೇರೆ ಬೂದುಬಣ್ಣದಲ್ಲಿ ಬಿಡಿಸಿ ಕಾಣಬೇಕು. ಹೆಜ್ಜೆಯ ಸದ್ದು ಪರದೆಯ ಸರಿಯಾಗಿ ನಡುವಿನಿಂದ ಬರಬೇಕು, ಬದಿಯಿಂದಲ್ಲ. ಅವನು ನಿಂತು, ತಿರುಗಿ, ಖಾಲಿ ವೇದಿಕೆಯ ಕಡೆ ನೋಡುವಾಗ ಆ ವೇದಿಕೆ ಚೌಕಟ್ಟಿನೊಳಗೆ ಪೂರ್ತಿ ಉಳಿದಿದೆಯೇ ನೋಡಿ. ಉಳಿದಿದ್ದರೆ ಜೂಮ್ ಆಫ್ ಆಗಿದೆ.